ಮೊರದಲ್ಲಿ ಇಲ್ಲದ ಮಾತು

ನಮ್ಮೂರಿನಲ್ಲಿ ಆಡಿದ ಮಾತು ಆಡಿದಲ್ಲೇ ನಿಂತಿರುತ್ತದೆ. ಬಾಯಿ ಎಷ್ಟು ಎತ್ತರದಲ್ಲಿತ್ತೋ ಅಷ್ಟೇ ಎತ್ತರದಲ್ಲಿ, ಯಾರ ದನಿಯೋ ಅದೇ ದನಿಯಲ್ಲಿ. ಆಮೇಲೆ ಆ ಜಾಗದಲ್ಲಿ ಯಾರ ಕಿವಿ ಹಾಯ್ದರೂ ಅದು ಮತ್ತೊಮ್ಮೆ ಕೇಳಿಸುತ್ತದೆ. ಒಂದು ಹಗಲು ಒಂದು ಇರುಳು ಕಳೆದ ಮೇಲೆ ಪೊರಕೆಗೆ ಬರುತ್ತದೆ, ಅದಕ್ಕೆ ಮುಂಚೆ ಏನು ಮಾಡಿದರೂ ಅಲುಗುವುದಿಲ್ಲ. ಗುಡಿಸುವ ಕೆಲಸ ನನ್ನದು. ಪುರಸಭೆಯ ಕಾಗದಗಳಲ್ಲಿ ನನಗೆ ಉದ್ದದ ಹೆಸರೊಂದಿದೆ; ಊರವರು ಚೌಡಕ್ಕ ಎನ್ನುತ್ತಾರೆ. ಮೂವತ್ತೊಂದು ವರ್ಷವಾಯಿತು.

ಕೆಲಸ ಕಷ್ಟದ್ದೇನಲ್ಲ. ಹಂಚಿಕಡ್ಡಿ ಪೊರಕೆಯನ್ನು ನೆಲಕ್ಕೆ ತಾಗಿಸದೆ ಮಂಡಿಯೆತ್ತರದಿಂದ ತಲೆಯೆತ್ತರದವರೆಗೆ ಆಡಿಸಬೇಕು, ಉದುರಿದ್ದನ್ನು ಬುಟ್ಟಿಗೆ ತುಂಬಿಕೊಂಡು ಊರಾಚೆಯ ಹಳೆಯ ಕಲ್ಲುಕ್ವಾರಿಗೆ ಸುರಿಯಬೇಕು. ಕ್ವಾರಿಯ ಹತ್ತಿರ ಯಾವಾಗ ಹೋದರೂ ದೂರದ ಸಂತೆಯ ಹಾಗೆ ಗುಜುಗುಜು. ಬೈಗುಳವನ್ನು ಮಾರನೆಯ ದಿನವೇ ಗುಡಿಸಿಬಿಡಬೇಕು, ಒಣಗಲು ಬಿಟ್ಟರೆ ಕೆರೆಯಬೇಕಾಗುತ್ತದೆ. ಹೊಗಳಿಕೆ ಹಗುರ, ಪೊರಕೆ ತೋರಿಸಿದರೆ ಸಾಕು. ಪುರಸಭೆಯ ಸಭಾಂಗಣಕ್ಕೆ ಎರಡು ಬುಟ್ಟಿ ಬೇಕು, ಆದರೆ ತೂಕ ಇರುವುದಿಲ್ಲ. ಗ್ರಂಥಾಲಯದಲ್ಲಿ ಗುಡಿಸಲು ಏನೂ ಸಿಗದ ಕಾರಣ ದಿನಕ್ಕೆ ಒಂದು ಗಂಟೆ ಉಳಿಯುತ್ತದೆ. ನಾನು ಓದಿರುವುದೆಲ್ಲ ಆ ಗಂಟೆಗಳಲ್ಲಿ ಓದಿದ್ದು. ನಮಗಿರುವ ಕಟ್ಟುನಿಟ್ಟು ಒಂದೇ. ಕೆಲಸದ ಹೊತ್ತಿನಲ್ಲಿ ಬಾಯಿ ಬಿಡುವಂತಿಲ್ಲ. ಗುಡಿಸಲು ಹೋದವಳು ತನ್ನದನ್ನೇ ಬಿಟ್ಟು ಬಂದರೆ ಹೇಗೆ?

ಇಂಥ ಊರಿನಲ್ಲಿ ಜನ ಹೇಗೆ ಬದುಕುತ್ತಾರೆ ಎಂದು ಹೊರಗಿನವರು ಕೇಳುತ್ತಾರೆ. ಎಲ್ಲ ಊರಿನವರ ಹಾಗೆಯೇ. ಹೆಣ್ಣು ನೋಡಲು ಬರುವವರಿದ್ದರೆ ನಡುಮನೆಯನ್ನು ಎರಡು ಸಲ ಗುಡಿಸಿಸುತ್ತಾರೆ. ಗುಟ್ಟು ಹೇಳಿಕೊಳ್ಳಲು ಬಯಲಿಗೆ ಹೋದವರೂ ಇದ್ದಾರೆ, ಆದರೆ ಬಯಲಿನ ಮಾತನ್ನು ಗಾಳಿ ಎತ್ತಿಕೊಂಡು ಹೋಗಿ ಯಾರದೋ ಅಡುಗೆಮನೆಯಲ್ಲಿ ಇಳಿಸುತ್ತದೆ. ನಮ್ಮ ದಫೇದಾರರು ಕೆರೆ ಏರಿಯ ಮೇಲೆ ಪಿಸುಗುಟ್ಟಿದ ಪ್ರೇಮನಿವೇದನೆ ಹಿಟ್ಟಿನ ಗಿರಣಿಯಲ್ಲಿ ಇಳಿದು, ನಾನು ರಜೆಯಲ್ಲಿದ್ದುದರಿಂದ, ಹದಿನೈದು ದಿನ ಊರಿನ ರಾಗಿಯ ಜೊತೆ ಬೀಸಿಕೊಂಡಿತು. ಹಾಗಾಗಿ ಹೇಳಬಾರದ್ದನ್ನು ಹೇಳದೇ ಇರುವುದನ್ನು ಊರು ಕಲಿತುಬಿಟ್ಟಿದೆ. ಎಲ್ಲರಿಗಿಂತ ಚೆನ್ನಾಗಿ ಕಲಿತವರು ಹೆಂಗಸರು. ಸೊಂಟದ ಕೆಳಗೆ, ಮಂಡಿಯ ಮೇಲೆ ಇರುವ ಯಾವುದಕ್ಕೂ ನಮ್ಮಲ್ಲಿ ಹೆಸರಿರಲಿಲ್ಲ. ‘ಅಲ್ಲಿ’ ಎನ್ನುತ್ತಿದ್ದೆವು, ಅದೂ ಕಣ್ಣಿನಲ್ಲಿ.

ಆದರೆ ಕಾಯಿಲೆಗೆ ಈ ಮರ್ಯಾದೆಯೆಲ್ಲ ತಿಳಿಯುವುದಿಲ್ಲ. ಅದಕ್ಕೇ ಹೊನ್ನಜ್ಜಿಯ ಮೊರ. ಹೊನ್ನಜ್ಜಿ ನಮ್ಮೂರಿನ ಸೂಲಗಿತ್ತಿ, ನಾಟಿ ವೈದ್ಯೆ. ಅವಳ ಮನೆಯ ಹಿಂದಿನ ಕೋಣೆಯಲ್ಲಿ ಒಂದು ಮೊರ, ಸುತ್ತಲೂ ಪುಟ್ಟ ಪುಟ್ಟ ಬಟ್ಟಲುಗಳು. ಹೋದವಳು ಬಾಯಿ ಬಿಡದೆ ಬಟ್ಟಲಿನಿಂದ ಎತ್ತಿ ಮೊರಕ್ಕೆ ಹಾಕಬೇಕು. ಸಾಸಿವೆ ಎಂದರೆ ತುರಿಕೆ. ಮೆಣಸಿನಕಾಯಿ ಬೀಜ ಎಂದರೆ ಉರಿ. ನೆನೆಸಿದ ಅವಲಕ್ಕಿ ಎಂದರೆ ಮೊಸರೊಡೆದ ಹಾಗೆ ಬಿಳಿ ಹೋಗುವುದು. ಮೆಂತ್ಯ ಎಂದರೆ ಕೆಟ್ಟ ವಾಸನೆ. ಹುಣಸೆ ಬೀಜ ಒಂದಕ್ಕೆ ಒಂದು ತಿಂಗಳು. ಹೊನ್ನಜ್ಜಿ ನೋಡುತ್ತಾಳೆ, ಒಳಗೆ ಹೋಗಿ ಪೊಟ್ಟಣ ಕಟ್ಟಿ ತರುತ್ತಾಳೆ. ಆ ಕೋಣೆಯಲ್ಲಿ ಅವಳು ನಲವತ್ತು ವರ್ಷದಿಂದ ಒಂದು ಮಾತೂ ಆಡಿದವಳಲ್ಲ. ಅಂಗಳದಲ್ಲಿ ಕೋಳಿಗಳನ್ನು ಬೈಯುವುದು ಮಾತ್ರ ಮೂರು ಬೀದಿಗೆ ಕೇಳಿಸುತ್ತಿತ್ತು. ವಾರಕ್ಕೊಮ್ಮೆ ನಿಯಮದಂತೆ ನಾನು ಅಲ್ಲಿ ಪೊರಕೆ ಆಡಿಸುತ್ತಿದ್ದೆ. ಏನೂ ಉದುರುತ್ತಿರಲಿಲ್ಲ. ಮೊರದಲ್ಲಿ ಉಳಿದ ಕಾಳು ನೋಡಿ ಯಾರು ಬಂದಿದ್ದರೆಂದು ಊಹಿಸುವುದು ನನ್ನ ಸಣ್ಣ ಚಟ.

ಹೋದ ವರ್ಷ ಸರ್ಕಾರಿ ಆಸ್ಪತ್ರೆಗೆ ರೆಜಿನಾ ಡಾಕ್ಟರ್ ಬಂದರು. ಕಡಲ ಕಡೆಯವರು, ಅಲೆಗಳ ಮೇಲೆ ಮಾತಾಡಿ ಬೆಳೆದ ಗಂಟಲು. ಮೊದಲನೆಯ ದಿನವೇ ಒಬ್ಬಾಕೆಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಕಿವಿಯ ಹತ್ತಿರಕ್ಕೆ ಬಗ್ಗಿ, “ಬಿಳಿ ಹೋಗ್ತದಾ? ಎಷ್ಟು ದಿನ ಆಯ್ತು? ತುರಿಕೆ ಉಂಟಾ? ನಾಚಿಕೆ ಎಂತಕ್ಕೆ ಮಾರಾಯ್ರೆ, ಮೂಗು ಸೋರಿದ ಹಾಗೇ ಇದು!” ಎಂದುಬಿಟ್ಟರು. ಆಕೆ ಎದ್ದು ಓಡಿದಳು. ಅದೇ ಕುರ್ಚಿಯಲ್ಲಿ ಬಂದು ಕೂತವರು ಕೆಮ್ಮಿಗೆ ಔಷಧಿ ಕೇಳಲು ಬಂದ ರೇಷನ್ ಅಂಗಡಿಯ ಮುದ್ದಯ್ಯ. ಕೂತ ಕೂಡಲೇ ಎರಡೂ ಕಿವಿಗೆ ಆ ಪ್ರಶ್ನೆಗಳು ಹಾಯ್ದು, ಮನುಷ್ಯ ಕೆಮ್ಮನ್ನೇ ಮರೆತ. ಅಂದಿನಿಂದ ಹೆಂಗಸರು ಆಸ್ಪತ್ರೆಯ ಕಡೆ ಹೋಗುವುದು ಜ್ವರಕ್ಕೆ, ಹಲ್ಲುನೋವಿಗೆ, ನಾಯಿ ಕಚ್ಚಿದ್ದಕ್ಕೆ ಮಾತ್ರವಾಯಿತು. ಡಾಕ್ಟರೂ ಪೆಟ್ಟು ತಿಂದು ಕಲಿತರು. ಪಾಪ, ದನಿ ಇಳಿಸಿದರು. ಆಮೇಲೆ ಕೆಲವು ವಿಷಯಕ್ಕೆ ಬಾಯಿ ಬಿಡುವುದನ್ನೇ ಬಿಟ್ಟರು. ಆಮೇಲೆ ಆದದ್ದೆಲ್ಲ ಆದದ್ದು ಅವರು ಹಾಗೆ ಸುಮ್ಮನಾದದ್ದರಿಂದ.

ನಾನು ಹೇಳಹೊರಟಿರುವುದು ದಾಕ್ಷಾಯಿಣಿ ಟೀಚರ ಕಥೆ. ಪ್ರಾಥಮಿಕ ಶಾಲೆಯಲ್ಲಿ ಮಗ್ಗಿ ಕಲಿಸುವವರು, ವಯಸ್ಸು ನಲವತ್ತೆರಡು. ಅವರ ತರಗತಿಯನ್ನು ಗುಡಿಸಬೇಡವೆಂದು ನನಗೆ ಆಜ್ಞೆಯಿತ್ತು, ಏಕೆಂದರೆ ಬಾಗಿಲಿನಿಂದ ಕಿಟಕಿಯವರೆಗೆ ಎರಡರಿಂದ ಇಪ್ಪತ್ತರ ಮಗ್ಗಿ ಸಾಲಾಗಿ ಗಾಳಿಯಲ್ಲಿ ನಿಂತಿತ್ತು, ಮಕ್ಕಳು ಆಚೆಯಿಂದೀಚೆಗೆ ಓಡಾಡುತ್ತಲೇ ಕಲಿತುಬಿಡುತ್ತಿದ್ದರು. ಗಂಡ ಪರಮಶಿವಯ್ಯ ಪೋಸ್ಟ್ ಮಾಸ್ಟರ್. ಒಳ್ಳೆಯ ಮನುಷ್ಯ, ಒಳ್ಳೆಯತನದಿಂದ ಎಷ್ಟು ಕೆಡುಕಾಗಬಹುದೋ ಅಷ್ಟನ್ನೂ ಮಾಡಬಲ್ಲವರು.

ಟೀಚರು ಕೂತಲ್ಲಿ ಕೂರಲಾರದೆ ಒದ್ದಾಡತೊಡಗಿ ಹತ್ತು ತಿಂಗಳಾಗಿತ್ತು. ಹೊನ್ನಜ್ಜಿಯ ಮೊರದಲ್ಲಿ ಸಾಸಿವೆ, ಮೆಣಸಿನ ಬೀಜ, ಅವಲಕ್ಕಿ ಮೂರೂ ಮತ್ತೆ ಮತ್ತೆ ಕಾಣಿಸಿಕೊಂಡವು. ಹೊನ್ನಜ್ಜಿ ಬೇವಿನ ಎಲೆ ಕೊಟ್ಟಳು, ಕುದಿಸಿ ಆರಿಸಿದ ನೀರಿನಲ್ಲಿ ತೊಳೆಯಲು. ಕುಡಿಯಲು ಮಜ್ಜಿಗೆ ಎಂದು ಸನ್ನೆ ಮಾಡಿದಳು. ನಾಲ್ಕು ದಿನ ತಣ್ಣಗಾಗುತ್ತಿತ್ತು, ಐದನೆಯ ದಿನಕ್ಕೆ ಮರಳುತ್ತಿತ್ತು. ಟೀಚರು ಶಿಸ್ತಿನವರು. ದಿನಕ್ಕೆ ಎರಡು ಸಲ ತೊಳೆಯುವುದನ್ನು ಐದು ಸಲ ಮಾಡಿದರು. ಯಾರೋ ಕಣ್ಣಲ್ಲಿ ಹೇಳಿದರೆಂದು ಬೆಳ್ಳುಳ್ಳಿಯನ್ನೂ ಪ್ರಯೋಗಿಸಿ ಮೂರು ದಿನ ರಜೆ ಹಾಕಿದರು.

ಕೊನೆಗೆ ಒಂದು ಚೀಟಿ ಬರೆದುಕೊಂಡು ಆಸ್ಪತ್ರೆಗೆ ಹೋದರು. ಬರೆದದ್ದು ಗಾಳಿಯಲ್ಲಿ ನಿಲ್ಲುವುದಿಲ್ಲವಲ್ಲ, ಮೊದಲೇ ಯಾಕೆ ಬರೆಯಲಿಲ್ಲ ಎಂದು ನೀವು ಕೇಳಬಹುದು. ಬರೆಯುವುದಕ್ಕೂ ಪದ ಬೇಕು. ಆ ಚೀಟಿಯನ್ನು ಡಾಕ್ಟರು ಇವತ್ತಿಗೂ ಇಟ್ಟುಕೊಂಡಿದ್ದಾರೆ: ‘ಅಲ್ಲಿ ಅದು ಜಾಸ್ತಿಯಾಗಿದೆ. ದಯವಿಟ್ಟು ಜೋರಾಗಿ ಕೇಳಬೇಡಿ.’ ಡಾಕ್ಟರು ಪರೀಕ್ಷೆಯ ಮಂಚ ತೋರಿಸಿದರು, ಟೀಚರು ತಲೆ ಅಲ್ಲಾಡಿಸಿದರು. ಡಾಕ್ಟರು ಉಸಿರು ಬಿಟ್ಟು, ಒಂದೂ ಮಾತಾಡದೆ, ಆರು ಮಾತ್ರೆ ಬರೆದುಕೊಟ್ಟರು. ಔಷಧಿ ಅಂಗಡಿಯ ಸಿದ್ದಲಿಂಗು ಇನ್ನೂ ಮರ್ಯಾದಸ್ಥ. ಡಬ್ಬಿಯ ಮೇಲೆ ಅಚ್ಚಾಗಿರುವುದನ್ನು ದಾರಿಯಲ್ಲಿ ಯಾರಾದರೂ ಓದಿಬಿಟ್ಟಾರೆಂದು ಡಬ್ಬಿಯನ್ನೂ ಒಳಗಿನ ಕಾಗದವನ್ನೂ ಹರಿದೆಸೆದು, ಮಾತ್ರೆಗಳನ್ನೂ ಅದರ ಜೊತೆಗಿದ್ದ ಒಂದು ಬಿಳಿ ಪ್ಲಾಸ್ಟಿಕ್ ನಳಿಕೆಯನ್ನೂ ಹಳೆಯ ಪೇಪರಿನಲ್ಲಿ ಸುತ್ತಿ, ಕರೀ ಕವರಿಗೆ ಹಾಕಿ ಕೊಟ್ಟ. ಹೇಗೆ, ಎಲ್ಲಿ ಎಂದು ಅವನೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಹುಣಸೆ ಬೀಜಕ್ಕಿಂತ ದಪ್ಪದ ಆ ಮಾತ್ರೆಗಳನ್ನು ಟೀಚರು ದಿನಕ್ಕೊಂದರಂತೆ ಆರು ದಿನ ನುಂಗಿದರು.

ಗುಣವಾಗಲಿಲ್ಲ. ಇಂಗ್ಲಿಷ್ ಔಷಧಿಯೂ ಅಷ್ಟೇ ಎಂದು ಊರಿಗೆ ಖಾತ್ರಿಯಾಯಿತು. ಊರಿಗೆ ಹೇಗೆ ಗೊತ್ತಾಯಿತೆಂದರೆ, ಯಾರೂ ಹೇಳದ ಸಂಗತಿಗಳು ನಮ್ಮಲ್ಲಿ ಬೇಗ ಹಬ್ಬುತ್ತವೆ.

ಒಂದು ಸೋಮವಾರ ಬೆಳಿಗ್ಗೆ ಪೋಸ್ಟ್ ಮಾಸ್ಟರರ ಮನೆ ಗುಡಿಸಲು ಹೋದೆ. ನಡುಮನೆಯಲ್ಲಿ, ಎತ್ತರದ ಗಂಡಸು ನಿಂತು ಆಡಿದ ಎತ್ತರದಲ್ಲಿ, ಒಂದು ಮಾತು: “ಗುರುವಾರ ಬೆಳಿಗ್ಗೆ ಏಳಕ್ಕೆ ಕಾರು ಬರುತ್ತೆ. ನರ್ಸಿಂಗ್ ಹೋಮಿನಲ್ಲಿ ಹಾಸಿಗೆ ಹೇಳಿದ್ದೀನಿ. ನೀನೇನೂ ಯೋಚನೆ ಮಾಡಬೇಡ.” ಅದರ ಪಕ್ಕದಲ್ಲಿ, ಕುರ್ಚಿಯ ಎತ್ತರದಲ್ಲಿ, ಓರಗಿತ್ತಿ ಕಮಲಾಕ್ಷಿಯದು: “ನಂದು ತೆಗೆಸಿ ಮೂರು ವರ್ಷ ಆಯ್ತು ಕಣೆ. ಎರಡು ಮಕ್ಕಳಾದ ಮೇಲೆ ಗರ್ಭಕೋಶ ಅನ್ನೋದು ಬೇಡದ ಸಾಮಾನು. ಅಟ್ಟದ ಮೇಲೆ ಮುರುಕು ತೊಟ್ಟಿಲು ಇದ್ದಂಗೆ. ತೆಗೆದುಬಿಟ್ಟರೆ ಬಿಳಿಯೂ ಇಲ್ಲ, ಕೆಂಪೂ ಇಲ್ಲ.” ನೆಲಕ್ಕೆ ಹತ್ತಿರ, ಗೋಡೆಗೆ ಒರಗಿ ಕೂತವಳ ಬಾಯಿಯ ಎತ್ತರದಲ್ಲಿ, ಟೀಚರದು ಒಂದೇ ಅಕ್ಷರ: “ಹೂಂ.”

ಮೂವತ್ತೊಂದು ವರ್ಷದಲ್ಲಿ ನನ್ನ ಪೊರಕೆ ತಡೆದದ್ದು ಅಂದು. ಏಕೆಂದರೆ ನನಗೊಂದು ಗೊತ್ತಿತ್ತು. ಇದೇ ಕಮಲಾಕ್ಷಿ, ಮೂರು ವರ್ಷದ ಹಿಂದೆ ತೊಟ್ಟಿಲು ಎಸೆದು ಬಂದವಳು, ಹೋದ ತಿಂಗಳು ಹೊನ್ನಜ್ಜಿಯ ಮೊರದಲ್ಲಿ ಹಿಡಿ ಸಾಸಿವೆ ಹಾಕಿ ಹೋಗಿದ್ದಳು. ಹಿತ್ತಿಲ ಬಾಗಿಲಿನಿಂದ ಹೊರಟವಳನ್ನು ನಾನೇ ನೋಡಿದ್ದೆ. ತೆಗೆಸಿದರೂ ತುರಿಕೆ ಹೋಗಿರಲಿಲ್ಲ. ಹೇಳುವಂತಿರಲಿಲ್ಲ, ಕೆಲಸದ ಹೊತ್ತು. ಮೂರೂ ಮಾತು ಗುಡಿಸಿ ಬುಟ್ಟಿಗೆ ಹಾಕಿಕೊಂಡೆ. ಆ ‘ಹೂಂ’ ಎಷ್ಟು ಭಾರವಿತ್ತೆಂದರೆ ಕ್ವಾರಿಯವರೆಗೆ ಎರಡು ಕಡೆ ಇಳಿಸಿಕೊಂಡೆ.

ಮಾರನೆಯ ದಿನ, ಮಂಗಳವಾರ, ಶಾಲೆಯಲ್ಲಿ ಜಂತುಹುಳದ ಮಾತ್ರೆ ಕೊಡುವ ದಿನ. ರೆಜಿನಾ ಡಾಕ್ಟರ್ ಬಂದಿದ್ದರು. ನಾನು ಪೊರಕೆ ಹಿಡಿದು ವರಾಂಡದಲ್ಲಿದ್ದೆ. ಟೀಚರು ಕಪ್ಪುಹಲಗೆಯ ಮುಂದೆ ನಿಂತು, ಕೈಗೆ ಪುಡಿ ಅಂಟದಂತೆ, ಬಿಳಿ ಪ್ಲಾಸ್ಟಿಕ್ ನಳಿಕೆಯೊಂದರ ತುದಿಗೆ ಸೀಮೆಸುಣ್ಣ ಸಿಕ್ಕಿಸಿಕೊಂಡು, ಹಿಂದಿನಿಂದ ಕಡ್ಡಿ ಒತ್ತಿ ಒತ್ತಿ ಹದಿನೇಳರ ಮಗ್ಗಿ ಬರೆಯುತ್ತಿದ್ದರು. ಬಹಳ ಅನುಕೂಲವಾಗಿತ್ತು ಅದು. ಪೇಸ್ಟಿನ ಜೊತೆ ಬ್ರಷ್ ಕೊಡುವ ಹಾಗೆ ಮಾತ್ರೆಯ ಜೊತೆ ಇದನ್ನು ಪುಕ್ಕಟೆ ಕೊಟ್ಟಿದ್ದಾರೆ ಎಂದುಕೊಂಡಿದ್ದರಂತೆ.

ಡಾಕ್ಟರು ಬಾಗಿಲು ದಾಟಿ ನಾಲ್ಕು ಹೆಜ್ಜೆ ಬಂದು ನಿಂತರು. ನಳಿಕೆ ನೋಡಿದರು. ಟೀಚರನ್ನು ನೋಡಿದರು. ಇನ್ನೊಮ್ಮೆ ನಳಿಕೆ ನೋಡಿದರು. ಆಮೇಲೆ ಅವರ ಬಾಯಿಂದ ಬಂದದ್ದು ನಗುವೋ ಅಳುವೋ ನನಗೆ ಇಂದಿಗೂ ತಿಳಿಯದು, ಅರ್ಧಕ್ಕೆ ಕೈ ಅಡ್ಡ ಹಿಡಿದುಕೊಂಡರು. ಆ ಅರ್ಧ ಎಂಟರ ಮಗ್ಗಿಯ ನಡುವೆ ಇವತ್ತಿಗೂ ನಿಂತಿದೆ. ಮಕ್ಕಳು ಎಂಟು ಏಳಲೆ ಐವತ್ತಾರು ಎಂದ ಮೇಲೆ ಒಮ್ಮೆ ಬಿಕ್ಕುತ್ತಾರೆ.

ಮಧ್ಯಾಹ್ನ ಗ್ರಂಥಾಲಯದಲ್ಲಿ, ಕಾಯಿದೆ ಪುಸ್ತಕಗಳ ಕಪಾಟಿನ ಹಿಂದೆ, ಡಾಕ್ಟರು ನನ್ನನ್ನು ಹಿಡಿದರು. ಆ ಕಪಾಟಿನ ಹಿಂದೆ ನಾನು ಬಿಟ್ಟರೆ ಯಾರೂ ಹೋದದ್ದಿಲ್ಲ. ನನ್ನ ಕೆಲಸದ ಹೊತ್ತು ಮುಗಿದಿತ್ತು.

“ಚೌಡಕ್ಕ, ನುಂಗಿದ್ದಾರಾ ಅವರು?”

“ಆರೂ ನುಂಗವ್ರೆ.”

“ದೇವರೇ! ಪುಣ್ಯಕ್ಕೆ ಎಂತದೂ ಆಗ್ಲಿಲ್ಲ. ತಪ್ಪು ನಂದು ಮಾರಾಯ್ರೆ. ಬಾಯಿ ಮುಚ್ಚಬಾರದ ದಿನ ಮುಚ್ಚಿಕೊಂಡೆ.”

“ತಪ್ಪು ಆಮೇಲೆ ಹಂಚ್ಕೊಳಿ ಡಾಕ್ಟ್ರೆ. ಗುರುವಾರ ಏಳಕ್ಕೆ ಕಾರು ಬತ್ತದೆ. ಗರ್ಭಕೋಶ ತೆಗೆಸಕ್ಕೆ.” ಕಮಲಾಕ್ಷಿಯ ಸಾಸಿವೆಯ ವಿಷಯವನ್ನೂ ಹೇಳಿದೆ, ಹೆಸರು ಬಿಟ್ಟು.

ಡಾಕ್ಟರು ಕಾಯಿದೆ ಪುಸ್ತಕವೊಂದನ್ನು ಕಪಾಟಿನೊಳಕ್ಕೆ ದಬ್ಬಿದರು. “ಇದಕ್ಕೆ ಗರ್ಭಕೋಶ ತೆಗೆಯುದಾ? ಆಸ್ಪತ್ರೆಗೆ ಕರ್ಕೊಂಡು ಬನ್ನಿ ಅವರನ್ನು.”

“ಆಸ್ಪತ್ರೆಗೆ ಬರಾಕಿಲ್ಲ. ಮೊರದ ಕೋಣೆಗೆ ಬತ್ತಾರೆ.”

ಬುಧವಾರ ನಾಲ್ಕು ಗಂಟೆಗೆ ಹೊನ್ನಜ್ಜಿಯ ಹಿಂದಿನ ಕೋಣೆಯಲ್ಲಿ ನಾವು ನಾಲ್ವರು ಹೆಂಗಸರು. ಡಾಕ್ಟರು ಪ್ಯಾಂಟು ಮಡಿಸಿಕೊಂಡು ಚಕ್ಕಳಮಕ್ಕಳ ಹಾಕಿ ಕೂತರು. ಹೊನ್ನಜ್ಜಿ ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಹೊಸ ಸೊಸೆಗೆ ಜಾಗ ಬಿಡುವ ಹಾಗೆ ಒಂದು ಗೇಣು ಸರಿದಳು. ಟೀಚರ ಕೈ ತಾನೇ ತಾನಾಗಿ ಬಟ್ಟಲುಗಳ ಮೇಲೆ ಓಡಾಡಿತು. ಸಾಸಿವೆ ಒಂದು ಹಿಡಿ. ಮೆಣಸಿನ ಬೀಜ. ಅವಲಕ್ಕಿ. ಮೆಂತ್ಯ ಇಲ್ಲ. ಹುಣಸೆ ಬೀಜ ಹತ್ತು.

ನಾನು ನೋಡುತ್ತಿದ್ದದ್ದು ಡಾಕ್ಟರ ಮುಖವನ್ನು. ಮೊದಲು ಅಲ್ಲಿ ಬರೀ ಸೌಜನ್ಯವಿತ್ತು. ಸಾಸಿವೆಗೆ ಹುಬ್ಬು ಸ್ವಲ್ಪ ಎದ್ದಿತು. ಅವಲಕ್ಕಿಗೆ ಕಣ್ಣು ಅಗಲವಾಯಿತು. ಮೆಂತ್ಯದ ಬಟ್ಟಲಿನತ್ತ ಬೆರಳು ತೋರಿಸಿ, ಮೂಗು ಮುಟ್ಟಿಕೊಂಡು, ಇಲ್ಲವೇ ಎಂಬಂತೆ ನೋಡಿದರು, ಟೀಚರು ಇಲ್ಲವೆಂದರು. ಡಾಕ್ಟರು ಮೊರದ ಅಂಚನ್ನು ಎರಡೂ ಕೈಯಿಂದ ಹಿಡಿದುಕೊಂಡರು. ಏಳೆಂಟು ವರ್ಷ ದಪ್ಪ ಪುಸ್ತಕಗಳಲ್ಲಿ ಓದಿದ್ದನ್ನೆಲ್ಲ ಯಾರೋ ಅಡುಗೆಮನೆಯ ಡಬ್ಬಿಗಳಿಂದ ತೆಗೆದು ಮುಂದೆ ಹರಡಿದಂತೆ ಅವರಿಗೆ ಕಂಡಿರಬೇಕು.

ಆಗ ಹೊನ್ನಜ್ಜಿ ಒಂದು ಕೆಲಸ ಮಾಡಿದಳು. ಬೆನ್ನ ಹಿಂದಿನ ಗೂಡಿನಿಂದ ಮುಚ್ಚಿದ ಬಟ್ಟಲೊಂದನ್ನು ಎಳೆದಳು. ನಾನು ಅದನ್ನು ತೆರೆದು ನೋಡಿದವಳೇ ಅಲ್ಲ. ಒಳಗೆ ಬೆಲ್ಲದ ಚೂರುಗಳಿದ್ದವು. ಒಂದನ್ನು ನೆಲದ ಮೇಲಿಟ್ಟು, ಎರಡು ಬೆರಳುಗಳನ್ನು ಇರುವೆಯ ಸಾಲಿನ ಹಾಗೆ ಅದರತ್ತ ನಡೆಸಿ, ಬಚ್ಚಲಿನ ಕಡೆ ಕಣ್ಣು ತೋರಿಸಿ, ಟೀಚರ ಮುಖ ನೋಡಿದಳು.

ಟೀಚರು ಕೈ ಚಾಚಿ ಒಂದು ಚೂರು ಬೆಲ್ಲವನ್ನು ಮೊರಕ್ಕೆ ಹಾಕಿದರು. ಇನ್ನೊಂದು. ಮತ್ತೊಂದು. ಮೂಲೆಯ ನೀರಿನ ಕೊಡ ತೋರಿಸಿ, ಎತ್ತಿ ಎತ್ತಿ ಕುಡಿಯುವವರ ಹಾಗೆ ಕೈಯನ್ನು ಬಾಯಿಗೆ ಒಯ್ದರು. ಬಚ್ಚಲಿಗೆ ಇರುವೆ ಬರುವುದನ್ನೂ ಬಾಯಾರಿಕೆಯನ್ನೂ ಆ ತುರಿಕೆಯನ್ನೂ ಒಂದೇ ದಾರಕ್ಕೆ ಪೋಣಿಸಬೇಕೆಂದು ಅವರಿಗೆ ಯಾರು ಹೇಳಿದ್ದರು?

ಡಾಕ್ಟರು ಚೀಲದಿಂದ ಬೆರಳು ಚುಚ್ಚುವ ಯಂತ್ರ ತೆಗೆದರು. ಒಂದು ಹನಿ ರಕ್ತ. ಯಂತ್ರದಲ್ಲಿ ಮುನ್ನೂರ ಹನ್ನೆರಡು ಎಂದು ಮೂಡಿತು. ಅದನ್ನು ಹೊನ್ನಜ್ಜಿಗೆ ತೋರಿಸಿದರು. ಹೊನ್ನಜ್ಜಿಗೆ ಅಂಕಿ ಬರುವುದಿಲ್ಲ. ಡಾಕ್ಟರ ಮುಖ ಓದಿ, ಬೆಲ್ಲದ ಬಟ್ಟಲನ್ನು ಮುಚ್ಚಿದಳು. ಆಗ ಡಾಕ್ಟರು ಮಾಡಿದ್ದನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಮುದುಕಿಯ ಕೈಯನ್ನು ಎತ್ತಿ ಹಣೆಗೆ ಒತ್ತಿಕೊಂಡರು.

ಸೀರೆಯ ಮರೆ ಕಟ್ಟಿ ಟೀಚರನ್ನು ಪರೀಕ್ಷೆ ಮಾಡಿದ್ದೂ ಆಯಿತು. ಮೊರ ಹೇಳಿದ್ದೇ ನಿಜವಾಗಿತ್ತು. ಡಾಕ್ಟರು ಅದೇ ಥರದ ಆರು ಮಾತ್ರೆಯ ಹೊಸ ಡಬ್ಬಿಯನ್ನು ಮೊರದ ಮುಂದೆ ಇಟ್ಟರು, ನಳಿಕೆಯ ಸಮೇತ. ಟೀಚರು ಅದನ್ನು ನೋಡಿ, ತಮ್ಮ ಗಂಟಲನ್ನು ಮುಟ್ಟಿಕೊಂಡು, ಪ್ರಯೋಜನವಿಲ್ಲ ಎಂದು ಕೈಯಾಡಿಸಿದರು.

ಇನ್ನು ಹೇಳಬೇಕಾದದ್ದು ಒಂದೇ ಸಂಗತಿ. ಅದಕ್ಕೆ ಮೊರದಲ್ಲಿ ಕಾಳಿರಲಿಲ್ಲ. ಡಾಕ್ಟರು ಬಟ್ಟಲಿನಿಂದ ಬಟ್ಟಲಿಗೆ ಹುಡುಕಿದರು. ಬರೆದು ತೋರಿಸೋಣವೆಂದರೆ ಟೀಚರಿಗೆ ಆ ಪದವೇ ತಿಳಿಯದು. ಬಾಯಿ ತೆರೆದರು, ರೇಷನ್ ಅಂಗಡಿ ಮುದ್ದಯ್ಯ ನೆನಪಾಗಿರಬೇಕು, ಮುಚ್ಚಿದರು. ಟೀಚರು ಸೆರಗು ಸರಿಮಾಡಿಕೊಂಡು ಏಳತೊಡಗಿದರು. ಗುರುವಾರದ ಕಾರಿಗೆ ಹದಿನಾಲ್ಕು ಗಂಟೆ ಉಳಿದಿತ್ತು.

“ಬಾಯಿಗಲ್ಲ ಕಣವ್ವ ಅದು.”

ಯಾರು ಆಡಿದ್ದೆಂದು ನಾನು ಸುತ್ತಲೂ ನೋಡಿದೆ. ಕೋಳಿ ಬೈಯುವ ದನಿಯಲ್ಲ ಅದು. ನಲವತ್ತು ವರ್ಷ ಒಲೆಯ ಹಿಂದೆ ಮುಚ್ಚಿಟ್ಟ ಮಡಕೆಯ ಬಾಯಿಂದ ಬಂದಂಥ ದನಿ. ಹೊನ್ನಜ್ಜಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದಳು.

“ಬಾಯಿಗಲ್ಲ. ಯೋನಿಗೆ. ಮಗು ಹುಟ್ಟೋ ದಾರೀಲಿ, ಒಳಕ್ಕೆ. ನಳಿಕೆ ನೋಡಿದರೆ ಗೊತ್ತಾಗಾಕಿಲ್ವಾ, ಸೂಲಗಿತ್ತಿ ನಾನು. ಯೋನಿ ಅಂತಾರೆ ಅದಕ್ಕೆ. ನಮ್ಮವ್ವ ನಂಗೆ ಹೇಳಿಕೊಟ್ಟಿದ್ಲು. ನಾನು ನಿಮಗ್ಯಾರಿಗೂ ಹೇಳಿಕೊಡ್ಲಿಲ್ಲ.”

ಆ ಪದವನ್ನು ನಾನು ಗ್ರಂಥಾಲಯದಲ್ಲಿ ಅಚ್ಚಿನಲ್ಲಿ ನೋಡಿದ್ದೆ. ನಮ್ಮೂರಿನ ಗಾಳಿಯಲ್ಲಿ ಅದು ನಿಂತದ್ದು ಅದೇ ಮೊದಲು. ಮೊರದಿಂದ ಒಂದು ಮೊಳ ಮೇಲೆ, ಮುದುಕಿಯ ಬಾಯಿಯ ಎತ್ತರದಲ್ಲಿ, ಹಚ್ಚಿಟ್ಟ ಸೊಡರಿನ ಹಾಗೆ ನಿಂತಿತು. ಛಾವಣಿ ಕುಸಿಯಲಿಲ್ಲ. ಅಂಗಳದಲ್ಲಿ ಕೋಳಿಗಳು ಕೆದಕುತ್ತಲೇ ಇದ್ದವು.

“ಇನ್ನೊಂದು ಕೇಳು,” ಎಂದಳು ಹೊನ್ನಜ್ಜಿ. “ನಾನು ಕೊಟ್ಟ ಬೇವಿನ ನೀರು ಹೊರಗಡೆಗೆ. ಹೊರಗಡೆಗೆ ಮಾತ್ರ. ಅದನ್ನ ಹೇಳಕ್ಕೆ ನನ್ನ ಮೊರದಲ್ಲಿ ಕಾಳಿರಲಿಲ್ಲ. ನೀನು ಒಳಗೂ ತೊಳೆದೆ, ಅಲ್ವಾ?”

ಟೀಚರು ಹೌದೆಂದು ತಲೆ ಆಡಿಸಿದರು. ಅವರ ಕಣ್ಣಿಂದ ನೀರು ಇಳಿಯುತ್ತಿತ್ತು. ಒಳಗಿನ ಔಷಧಿ ಹೊಟ್ಟೆಗೆ ಹೋಗಿತ್ತು, ಹೊರಗಿನದು ಒಳಗೆ ಹೋಗಿತ್ತು. ಬೇವನ್ನೂ ಇಂಗ್ಲಿಷ್ ಮಾತ್ರೆಯನ್ನೂ ಊರು ತಿಂಗಳುಗಟ್ಟಲೆ ತೂಗಿ ನೋಡಿತ್ತು; ಎರಡನ್ನೂ ಸೋಲಿಸಿದ್ದು ಯಾರೂ ಆಡದ ಅದೇ ಒಂದು ಮಾತು.

ಡಾಕ್ಟರ ಬಾಯಿಯ ಕಟ್ಟೆ ಒಡೆಯಿತು. “ಆರು ದಿನ, ಮಲಗುವಾಗ ಒಂದೊಂದು. ತುರಿಕೆ ಮೂರು ದಿನಕ್ಕೇ ಕಮ್ಮಿ ಆಗ್ಬಹುದು, ಆಯ್ತು ಅಂತ ನಿಲ್ಲಿ‍ಸ್ಬೇಡಿ ಆಯ್ತಾ? ಇದು ಬೂಷ್ಟು ಟೀಚರೇ, ರೊಟ್ಟಿಗೆ ಬರ್ತದಲ್ಲ, ಹಾಗೆ. ಎಲ್ಲಾ ಹೆಂಗಸರಿಗೂ ಬರ್ತದೆ, ನಂಗೂ ಬಂದಿದೆ. ಶುಗರ್ ಹೆಚ್ಚಿದ್ರೆ ಬಿಟ್ಟು ಬಿಟ್ಟು ಬರ್ತದೆ. ಅದಕ್ಕೆ ಬೇರೆ ಮದ್ದು, ನಾಳೆಯಿಂದಲೇ ಶುರು. ಗರ್ಭಕೋಶ ತೆಗೆದ್ರೆ ಇದು ಹೋಗುದಿಲ್ಲ, ಇದು ಅಲ್ಲಿ ಇಲ್ಲವೇ ಇಲ್ಲ. ಬಾಗಿಲಿಗೆ ಬೂಷ್ಟು ಬಂತು ಅಂತ ಯಾರಾದ್ರೂ ಒಳಮನೆ ಕೆಡವ್ತಾರಾ?”

“ನನ್ನ ಬೇವು ತಪ್ಪಾ ಡಾಕ್ಟ್ರವ್ವ?” ಎಂದಳು ಹೊನ್ನಜ್ಜಿ.

“ಹೊರಗೆ ತಂಪು ಮಾಡ್ತದೆ ಅಜ್ಜಿ, ಮಾಡ್ಲಿ. ಬೂಷ್ಟು ಅದಕ್ಕೆ ಸಾಯುದಿಲ್ಲ. ಒಳಗೆ ತೊಳೆದ್ರೆ ಅಲ್ಲಿರುವ ಒಳ್ಳೇದೂ ಹೋಗ್ತದೆ.”

“ಬೆಳ್ಳುಳ್ಳಿ?” ಎಂದು ಟೀಚರು ಕೇಳಿದರು. ಆ ಕೋಣೆಯಲ್ಲಿ ಅವರ ಮೊದಲ ಮಾತು.

“ಬೆಳ್ಳುಳ್ಳಿ ಸಾರಿಗೆ ಹಾಕಿ ಮಾರಾಯ್ರೆ!”

ಹೊನ್ನಜ್ಜಿ ನನ್ನತ್ತ ತಿರುಗಿದಳು. “ನಾಳೆ ಗುಡಿಸೋ ದಿನ ಅಲ್ವಾ? ಗುಡಿಸಬೇಡ.”

ಗುರುವಾರ ಏಳು ಗಂಟೆಗೆ ಕಾರು ಬಂತು. ಟೀಚರು ಮನೆಯಲ್ಲಿರಲಿಲ್ಲ, ಹೊನ್ನಜ್ಜಿಯ ಜಗುಲಿಯ ಮೇಲೆ ಕೂತಿದ್ದರು. ಪೋಸ್ಟ್ ಮಾಸ್ಟರರು ಅವಸರದ ಹೆಜ್ಜೆ ಹಾಕಿ ಬಂದರು. “ಇಲ್ಲೇನು ಮಾಡ್ತಿದ್ದೀಯ? ಕಾರು ನಿಂತಿದೆ.” ಟೀಚರು ಹಿಂದಿನ ಕೋಣೆಯ ಕಡೆ ಕೈ ತೋರಿಸಿದರು.

ಆ ಕೋಣೆಗೆ ಗಂಡಸು ಕಾಲಿಟ್ಟದ್ದಿಲ್ಲ. ಬಾಗಿಲು ತಗ್ಗು, ಪರಮಶಿವಯ್ಯ ಎತ್ತರ. ಬಗ್ಗಿದರು; ಬಗ್ಗಿದ್ದರಿಂದಲೇ ಅವರ ಕಿವಿ ಸರಿಯಾಗಿ ಹೊನ್ನಜ್ಜಿಯ ಬಾಯಿಯ ಎತ್ತರಕ್ಕೆ ಬಂತು. ನಾನು ಖಾಲಿ ಬುಟ್ಟಿ ಹಿಡಿದು ಪಕ್ಕದಲ್ಲಿ ನಿಂತಿದ್ದೆ. ಅವರು ಒಂದೊಂದೇ ಹೆಜ್ಜೆ ಇಡುತ್ತ ಮುದುಕಿಯ ಮಾತನ್ನೂ ಡಾಕ್ಟರ ಮಾತನ್ನೂ ದಾಟಿ ಹೋದರು, ನೀರಿನ ಆಳ ತಿಳಿಯದೆ ಹೊಳೆ ದಾಟುವವರ ಹಾಗೆ. ಗೋಡೆಯ ತನಕ ಹೋಗಿ, ತಿರುಗಿ, ಮತ್ತೆ ಅದೇ ದಾರಿಯಲ್ಲಿ ಬಗ್ಗಿಕೊಂಡೇ ಬಂದರು. ಎರಡು ಸಲ ಕೇಳಿದಂತಾಯಿತು.

ಹೊರಗೆ ಬಂದು ಜಗುಲಿಯ ಮೇಲೆ ಹೆಂಡತಿಯ ಪಕ್ಕದಲ್ಲಿ ಕೂತರು. ಬಹಳ ಹೊತ್ತು ಕನ್ನಡಕ ಒರೆಸಿದರು.

“ಆರು ದಿನದಲ್ಲಿ ಇವತ್ತಿಗೆ ಎಷ್ಟಾಯ್ತು?” ಎಂದರು.

“ಒಂದು.”

“ಕಾರು ವಾಪಸ್ ಹೋಗು ಅಂತೀನಿ. ನೀನು ಟೀ ಕುಡಿದೆಯಾ?”

“ಕುಡಿದೆ. ಸಕ್ಕರೆ ಇಲ್ಲದೆ.”

“ಹೇಗಿತ್ತು?”

“ಚೆನ್ನಾಗಿರಲಿಲ್ಲ,” ಎಂದು ಟೀಚರು ನಕ್ಕರು. ಹತ್ತು ತಿಂಗಳಾಗಿತ್ತು ಆ ನಗುವನ್ನು ನಾನು ಎಲ್ಲೂ ಗುಡಿಸದೆ.

ನಾಲ್ಕನೆಯ ದಿನಕ್ಕೆ ತುರಿಕೆ ಹೋಯಿತು. ಟೀಚರು ಶಿಸ್ತಿನವರು, ಉಳಿದ ಎರಡನ್ನೂ ಮುಗಿಸಿದರು. ಶುಗರ್ ಮಾತ್ರ ಮೂರು ತಿಂಗಳು ಮುಖ ಗಂಟು ಹಾಕಿಕೊಂಡೇ ಇಳಿಯಿತು. ಔಷಧಿ ಅಂಗಡಿಯ ಸಿದ್ದಲಿಂಗುವನ್ನು ಡಾಕ್ಟರು ಕೈ ಹಿಡಿದು ಕರೆತಂದು ಆ ಕೋಣೆಯ ನಡುವೆ ಐದು ನಿಮಿಷ ಕೂರಿಸಿದರು. ಈಗ ಅವನು ಡಬ್ಬಿ ಹರಿಯುವುದಿಲ್ಲ. ಶಾಲೆಯಲ್ಲಿ ಸೀಮೆಸುಣ್ಣವನ್ನು ಕೈಯಲ್ಲೇ ಹಿಡಿಯುತ್ತಾರೆ.

ಮತ್ತೆ ಹೆಂಗಸರು ಬಂದರು. ಮೊದಮೊದಲು ಮೊರದ ಮುಂದೆ ಕೂತು ಸಾಸಿವೆಗೆ ಕೈ ಹಾಕುತ್ತಿದ್ದರು, ಅಷ್ಟರಲ್ಲಿ ಹೊನ್ನಜ್ಜಿಯ ಮಾತು ಕಿವಿಗೆ ಹಾಯುತ್ತಿತ್ತು. ಕೈ ಅಲ್ಲೇ ನಿಲ್ಲುತ್ತಿತ್ತು. ಕಮಲಾಕ್ಷಿ ಬಂದಳು, ಕೇಳಿದಳು, ಗೋಡೆ ಹಿಡಿದು ಕೂತುಬಿಟ್ಟಳು, “ಹಂಗಾದ್ರೆ ನಂದು ಯಾಕೆ ತೆಗೆದ್ರು?” ಎಂಬ ಅವಳ ಮಾತನ್ನು ಗುಡಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ. ಒಬ್ಬಳು ಮೆಲ್ಲಗೆ “ನಂಗೂ” ಎಂದಳು. ಇನ್ನೊಬ್ಬಳು “ನಂಗೂ, ಮದುವೆ ಆದಾಗಿಂದ.” ಮೆಂತ್ಯ ಹಾಕುತ್ತಿದ್ದವಳೊಬ್ಬಳು “ನಂದು ಬೇರೆ ಥರ” ಎಂದಳು, ಹೌದು, ಬೇರೆಯೇ ಆಗಿತ್ತು, ಅದಕ್ಕೆ ಡಾಕ್ಟರು ಬೇರೆ ಔಷಧಿ ಕೊಟ್ಟರು. ಗುರುವಾರಗಳಲ್ಲಿ ಡಾಕ್ಟರು, ಹೊನ್ನಜ್ಜಿ ಇಬ್ಬರೂ ಮೊರದ ಎರಡು ಬದಿಗೆ ಕೂರುತ್ತಾರೆ. ಬೆಲ್ಲದ ಬಟ್ಟಲು ಈಗ ಮುಂದಿನ ಸಾಲಿನಲ್ಲಿದೆ.

ಇವತ್ತು ಆ ಕೋಣೆಗೆ ಹೋದರೆ ನಿಮಗೂ ಕೇಳಿಸುತ್ತದೆ. ಎಳೆಯ ದನಿ, ಒಡೆದ ದನಿ, ಕೂತ ಎತ್ತರ, ನಿಂತ ಎತ್ತರ, ಬಾಗಿಲಿನಿಂದ ಕಿಟಕಿಯವರೆಗೆ ನಂಗೂ, ನಂಗೂ, ನಂಗೂ. ಟೀಚರ ಮಗ್ಗಿಯ ಹಾಗೆ ಸಾಲಾಗಿ ಅಲ್ಲ, ಒಂದರ ಮೇಲೊಂದು. ನಡುವೆ ಆ ಮುದುಕಿಯ ಮೊದಲ ಮಾತು, ಹಾಗೇ ಉರಿಯುತ್ತ.

ಪುರಸಭೆಯವರು ಆ ಕೋಣೆ ಯಾಕೆ ಬಾಕಿ ಎಂದು ಎರಡು ಸಲ ಕೇಳಿದ್ದಾರೆ. ಹೋದ ಗುರುವಾರ ಬೆಳಗ್ಗೆಯೇ ಹೋದೆ, ಯಾರೂ ಬಂದಿರಲಿಲ್ಲ. ಪೊರಕೆ ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು. ಸುತ್ತಲೂ ನೋಡಿ, ಕೆಲಸದ ಹೊತ್ತಿನಲ್ಲಿ, ಸಮವಸ್ತ್ರದಲ್ಲಿ, ಬಹಳ ಸಣ್ಣದಾಗಿ ಹೇಳಿದೆ: “ನಂಗೂ. ಹದಿನೇಳು ವರ್ಷದಿಂದ.”

ಒಂದು ಹೆಜ್ಜೆ ಮುಂದೆ ಹೋಗಿ ತಿರುಗಿ ಬಂದು ಅದನ್ನು ಕೇಳಿಸಿಕೊಂಡೆ. ಊರಿನವರ ಮಾತೆಲ್ಲ ಹೊತ್ತವಳು ನಾನು, ನನ್ನ ದನಿ ಗಾಳಿಯಲ್ಲಿ ಹೇಗಿರುತ್ತದೆಂದು ಗೊತ್ತೇ ಇರಲಿಲ್ಲ. ಅಂದುಕೊಂಡದ್ದಕ್ಕಿಂತ ಎಳೆಯದಾಗಿತ್ತು.

“ಮೊರ ತರಲೋ, ಬಾಯಲ್ಲೇ ಹೇಳ್ತೀಯೋ?” ಎಂದಳು ಹಿಂದಿನಿಂದ ಹೊನ್ನಜ್ಜಿ.

ಪೊರಕೆಯನ್ನು ಗೋಡೆಗೆ ಒರಗಿಸಿ ಕೂತೆ.